ಮಂದ ಬೆಳಕಿಗೆ ಯಾವ ಕ್ಯಾಮೆರಾ? ಮೈಸೂರು, ಮಂಡ್ಯದಲ್ಲಿ ಮದುವೆ, ಉತ್ಸವ ತೆಗೆಯುವವರಿಗೆ ಒಂದು ಹೋಲಿಕೆ

ಮೇಲುಕೋಟೆಯ ವೈರಮುಡಿ ಉತ್ಸವದ ಫೋಟೊ ತೆಗೆದವರಿಗೆ ಈ ಪರದಾಟ ಹೊಸದಲ್ಲ. ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ಕಿರೀಟಕ್ಕೆ ಹಗಲಿನ ಬೆಳಕು ಸೋಕಬಾರದು ಎಂಬುದು ಸಂಪ್ರದಾಯ. ಹಾಗಾಗಿ ಚೆಲುವನಾರಾಯಣಸ್ವಾಮಿ ಅದನ್ನು ಧರಿಸಿ ಗರುಡವಾಹನದಲ್ಲಿ ಬೀದಿಗೆ ಬರುವುದು ರಾತ್ರಿಯೇ. ಎಡಕ್ಕೆ ಪಂಜಿನ ಜ್ವಾಲೆ, ಬಲಕ್ಕೆ ಎಲ್‌ಇಡಿ ತೋರಣ, ಎದುರಿಗೆ ಮೇಲೆತ್ತಿದ ಮೊಬೈಲ್‌ಗಳ ಸಾಲು. ಹೊತ್ತವರ ಹೆಜ್ಜೆಗೆ ತಕ್ಕಂತೆ ವಾಹನ ತೂಗುತ್ತದೆ, ಕಿರೀಟದ ಹರಳು ಒಂದು ಕ್ಷಣ ಹೊಳೆದು ಮರುಕ್ಷಣ ಕಪ್ಪಾಗುತ್ತದೆ. ಆ ಹೊಳಪು ಬಂದ ಕ್ಷಣದಲ್ಲಿ ನನ್ನ ಹಳೆಯ ಕ್ಯಾಮೆರಾ ಬಾಡಿ ಫೋಕಸ್ ಹುಡುಕುತ್ತಾ ಪಂಜಿಗೆ ಅಂಟಿಕೊಂಡಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಜ್ವಾಲೆಯ ನಾಲಿಗೆ ಕತ್ತಿಯಂತೆ ಚೂಪಾಗಿತ್ತು, ಸ್ವಾಮಿಯ ಮುಖ ಮಂಜಾಗಿತ್ತು. ಆ ಇಡೀ ಸರಣಿಯಲ್ಲಿ ನಾಯ್ಸ್ (ಕತ್ತಲಲ್ಲಿ ಚಿತ್ರದ ಮೇಲೆ ಏಳುವ ಕಾಳುಕಾಳು) ಒಂದು ಸಮಸ್ಯೆಯೇ ಆಗಿರಲಿಲ್ಲ.

ಮದುವೆಯ ಸುಗ್ಗಿ ಹತ್ತಿರವಾದಾಗ ವೃತ್ತಿಗೆ ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ: "ಅಣ್ಣ, ಕತ್ತಲಿಗೆ ಯಾವ ಬಾಡಿ ತೆಗೆದುಕೊಳ್ಳಲಿ?" ಕೇಳುವಾಗ ಅವರ ಕೈಯಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಅಂಕಿಗಳ ಪಟ್ಟಿಯಿರುತ್ತದೆ. ಒಂದರಲ್ಲಿ 51200, ಇನ್ನೊಂದರಲ್ಲಿ 102400, ಮತ್ತೊಂದರಲ್ಲಿ ವಿಸ್ತರಿಸಿದರೆ 409600. ಆ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಕತ್ತಲು ಎಂಥದ್ದು?

ಕದಲದ ಕತ್ತಲು, ಕದಲುವ ಕತ್ತಲು

ಭಾನುವಾರ ಸಂಜೆ ಅರಮನೆಯ ದೀಪಗಳು ಹತ್ತಿಕೊಳ್ಳುವುದನ್ನು ನೆನೆಯಿರಿ. ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಉರಿಯುತ್ತವೆ, ಕಟ್ಟಡ ಮಾತ್ರ 1912ರಿಂದ ನಿಂತಲ್ಲೇ ನಿಂತಿದೆ. ಟ್ರೈಪಾಡ್ ಮೇಲೆ ಐಎಸ್‌ಒ 100 ಇಟ್ಟು, ಎಫ್/8ರಲ್ಲಿ (ಇದು ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಶಟರ್ ಕೆಲವು ಸೆಕೆಂಡು ತೆರೆದಿಟ್ಟರೆ ಹತ್ತು ವರ್ಷ ಹಳೆಯ ಕ್ಯಾಮೆರಾವೂ ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ. ಬೃಂದಾವನದ ಕಾರಂಜಿಗೂ ಇದೇ ಮಾತು. ಇಂಥ ಕೆಲಸಕ್ಕಾಗಿ ಹೊಸ ಬಾಡಿ ಕೊಳ್ಳಬೇಡಿ, ಗಟ್ಟಿಯಾದ ಟ್ರೈಪಾಡ್ ಕೊಳ್ಳಿ.

ಧಾರೆ, ಆರತಿ, ಉತ್ಸವ, ಬನ್ನಿಮಂಟಪದ ಪಂಜಿನ ಕವಾಯತು, ರಂಗಾಯಣದ ನಾಟಕ, ಇವೆಲ್ಲ ಕದಲುವ ಕತ್ತಲು. ಇಲ್ಲಿ ಶಟರ್ ವೇಗವನ್ನು ನಾವು ಇಳಿಸುವಂತಿಲ್ಲ. ಮಾತನಾಡುವ ಮುಖಕ್ಕೆ 1/125 ಸೆಕೆಂಡ್ ಬೇಕು, ಅಕ್ಷತೆ ಎರಚುವ ಕೈಗೆ 1/250, ಕುಣಿಯುವವರಿಗೆ ಅದಕ್ಕಿಂತ ಹೆಚ್ಚು. ಬಾಡಿಯೊಳಗಿನ ಸ್ಟೆಬಿಲೈಸೇಷನ್ ಎಂಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಎರಡು ಪಟ್ಟು) ನೆರವು ಕೊಡುತ್ತದೆ ಎಂದು ಜಾಹೀರಾತು ಹೇಳಬಹುದು. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಮದುಮಗಳ ಕೈಯನ್ನು ನಿಲ್ಲಿಸುವುದಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಮಂಡ್ಯ ಕಡೆಯ ಹಳ್ಳಿಯಲ್ಲಿ ಮನೆ ಮುಂದಿನ ಚಪ್ಪರ, ರಾತ್ರಿ, ಮೇಲೊಂದು ಟ್ಯೂಬ್‌ಲೈಟು, ಪಕ್ಕದ ಮನೆಯ ಸೀರಿಯಲ್ ಸೆಟ್ಟು. ನನಗೆ ಅಲ್ಲಿ ಹೆಚ್ಚಾಗಿ ಸಿಗುವ ಎಕ್ಸ್‌ಪೋಷರ್ ಎಂದರೆ ಎಫ್/2, 1/125 ಸೆಕೆಂಡ್, ಐಎಸ್‌ಒ 6400. ಬೆಳಕಿನ ಅಳತೆಯಲ್ಲಿ ಇದು ಸುಮಾರು 3 ಇವಿ. ಇವಿ ಒಂದು ಇಳಿದರೆ ಬೆಳಕು ಅರ್ಧವಾಗುತ್ತದೆ. ಕಂಪನಿಗಳು ಫೋಕಸ್ ಸಾಮರ್ಥ್ಯವನ್ನು ಬರೆಯುವಾಗ ಮೈನಸ್ 4, ಮೈನಸ್ 6.5, ಮೈನಸ್ 10 ಇವಿ ಎನ್ನುತ್ತವೆ. ಮೈನಸ್ 4 ಇವಿ ಬೆಳಕಿನಲ್ಲಿ ಅದೇ ಎಫ್/2, ಅದೇ ಐಎಸ್‌ಒ 6400 ಇಟ್ಟರೆ ಶಟರ್ ಪೂರ್ತಿ ಒಂದು ಸೆಕೆಂಡ್ ತೆರೆದಿರಬೇಕು. ಆ ಕತ್ತಲಲ್ಲಿ ಯಾವ ಮನುಷ್ಯನ ಚಿತ್ರವನ್ನೂ ಕೈಯಲ್ಲಿ ಹಿಡಿದು ತೆಗೆಯಲಾಗದು. ಮೈನಸ್ 10ರ ಮಾತಂತೂ ದೂರ.

ಆ ಅಂಕಿಗಳಲ್ಲಿ ಇನ್ನೊಂದು ತೊಡಕಿದೆ. ಸೋನಿ ತನ್ನ ಅಳತೆಯನ್ನು ಎಫ್/2 ಲೆನ್ಸ್ ಹಾಕಿ ಕೊಡುತ್ತದೆ. ಕ್ಯಾನನ್ ಮತ್ತು ನಿಕಾನ್ ಈಗಿನ ಬಾಡಿಗಳಿಗೆ ಎಫ್/1.2 ಲೆನ್ಸ್ ಹಾಕಿ ಅಳೆಯುತ್ತವೆ. ಎಫ್/1.2ರಿಂದ ಎಫ್/2ಕ್ಕೆ ಸುಮಾರು ಒಂದೂವರೆ ಸ್ಟಾಪ್ ಅಂತರ. ಆದ್ದರಿಂದ ಕ್ಯಾನನ್ ಆರ್6 ಮಾರ್ಕ್ 2ರ ಮೈನಸ್ 6.5 ಅನ್ನು ಸೋನಿಯ ಅಳತೆಗೆ ತಂದರೆ ಮೈನಸ್ 5ರ ಆಸುಪಾಸಿನಲ್ಲಿರುತ್ತದೆ. ಸೋನಿ ಎ7ಎಸ್ ಮಾರ್ಕ್ 3 ಹೇಳುವುದು ಮೈನಸ್ 6, ಎ7 ಮಾರ್ಕ್ 4 ಹೇಳುವುದು ಮೈನಸ್ 4. ಅಂಕಿಗಳನ್ನು ಪಕ್ಕಪಕ್ಕ ಬರೆದು ಗೆದ್ದವರಾರು ಎಂದು ಹೇಳುವವರು ಈ ಲೆನ್ಸಿನ ವಿಷಯವನ್ನು ಬಿಟ್ಟಿರುತ್ತಾರೆ.

ನನ್ನ ಅನುಭವದಲ್ಲಿ ಫೋಕಸ್ ಸೋಲುವುದು ಬೆಳಕು ಕಡಿಮೆಯಾದಾಗಲ್ಲ. ಮುಖದ ಹಿಂದೆ ಜೋರು ಬೆಳಕಿದ್ದಾಗ, ಹೋಮದ ಹೊಗೆ ಅಡ್ಡ ಬಂದಾಗ, ಬಾಸಿಂಗದ ಸರ ಕಣ್ಣಿನ ಮೇಲೆ ಇಳಿಬಿದ್ದಾಗ ಅದು ಸೋಲುತ್ತದೆ. ಅಲ್ಲಿ ನೆರವಿಗೆ ಬರುವುದು ಮುಖವನ್ನೂ ಕಣ್ಣನ್ನೂ ಗುರುತಿಸಿ ಬಿಡದೆ ಹಿಡಿದಿಡುವ ಶಕ್ತಿ. ನಾನು ಕ್ಯಾಮೆರಾಗಳನ್ನು ಹೋಲಿಸುವಾಗ ಮೊದಲ ಸ್ಥಾನ ಕೊಡುವುದು ಇದಕ್ಕೆ. ಎರಡನೆಯದು ಎಲ್‌ಇಡಿ ಬೆಳಕಿನಲ್ಲಿ ಪಟ್ಟೆ ಬರದಂತೆ ನೋಡಿಕೊಳ್ಳುವ ಗುಣ. ನಾಯ್ಸ್ ಮೂರನೆಯದು. ನಾಯ್ಸ್ ಇರುವ ಚೂಪಾದ ಚಿತ್ರವನ್ನು ತಿದ್ದಬಹುದು. ಫೋಕಸ್ ತಪ್ಪಿದ ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿಸಲಾಗದು.

ಬಾಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಕತ್ತಲಿನ ಕ್ಯಾಮೆರಾ ಎಂದ ಕೂಡಲೇ ಎಲ್ಲರೂ ಹೇಳುವ ಹೆಸರು 2020ರಲ್ಲಿ ಬಂದ ಸೋನಿ ಎ7ಎಸ್ ಮಾರ್ಕ್ 3. ವಿಡಿಯೊ ತೆಗೆಯುವವರಿಗೆ ಆ ಹೆಸರು ಸಲ್ಲುತ್ತದೆ. ಎಸ್-ಲಾಗ್ 3 ಎಂಬ ವಿಡಿಯೊ ಮೋಡಿನಲ್ಲಿ ಅದಕ್ಕೆ 640 ಮತ್ತು 12800 ಎಂದು ಎರಡು ಮೂಲ ಐಎಸ್‌ಒಗಳಿವೆ. ಎರಡನೆಯದಕ್ಕೆ ಬದಲಾಯಿಸಿದಾಗ ನೆರಳು ಒಮ್ಮೆಲೇ ತಿಳಿಯಾಗುವುದನ್ನು ಕಣ್ಣಾರೆ ಕಾಣಬಹುದು. ವಿಡಿಯೊ ಲೈಟ್ ಹಾಕದೆ ಹಸೆಮಣೆಯ ಶಾಸ್ತ್ರವನ್ನು ಚಿತ್ರೀಕರಿಸಬೇಕೆನ್ನುವವರು ಬೇರೆಡೆ ನೋಡಬೇಕಾಗಿಲ್ಲ.

ಫೋಟೊ ತೆಗೆಯುವವರಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಕಾರಣ ಆಲ್ಬಂ. ನಮ್ಮ ಕಡೆ ಹೆಚ್ಚು ಓಡುವುದು ಬಿಚ್ಚಿದಾಗ 12 ಇಂಚು ಎತ್ತರ, 36 ಇಂಚು ಅಗಲವಾಗುವ ಆಲ್ಬಂ. ಎ7ಎಸ್ ಮಾರ್ಕ್ 3 ಕೊಡುವುದು 12 ಮೆಗಾಪಿಕ್ಸೆಲ್, ಅಂದರೆ ಅಗಲಕ್ಕೆ 4240 ಪಿಕ್ಸೆಲ್. ಅದನ್ನು ಪೂರ್ತಿ 36 ಇಂಚಿಗೆ ಹರಡಿದರೆ ಇಂಚಿಗೆ ಉಳಿಯುವುದು 118 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಬಾಡಿಗೆ ಸುಮಾರು 167 ಸಿಗುತ್ತದೆ, 33 ಮೆಗಾಪಿಕ್ಸೆಲಿನ ಎ7 ಮಾರ್ಕ್ 4ಕ್ಕೆ 195. ಇದು ಕತ್ತರಿಸದೆ ಹಾಕಿದರೆ. ಉತ್ಸವದ ಜನಜಂಗುಳಿಯಲ್ಲಿ ನಿಂತ ಜಾಗದಿಂದ ಕದಲಲಾಗದೆ ತೆಗೆದ ಚಿತ್ರವನ್ನು ಅರ್ಧಕ್ಕೆ ಕತ್ತರಿಸಿದರೆ 12 ಮೆಗಾಪಿಕ್ಸೆಲ್ ಸೋತುಬಿಡುತ್ತದೆ.

ಕಡಿಮೆ ಪಿಕ್ಸೆಲ್ ಇದ್ದರೆ ನಾಯ್ಸ್ ಬಹಳ ಕಡಿಮೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪರದೆಯ ಮೇಲೆ ಶೇಕಡ ನೂರಕ್ಕೆ ಹಿಗ್ಗಿಸಿ ನೋಡಿದಾಗ ಹಾಗೆ ಕಾಣುವುದು ನಿಜ. ಆದರೆ ಎರಡೂ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿ ಪಕ್ಕಪಕ್ಕ ಇಟ್ಟರೆ, ಐಎಸ್‌ಒ 6400, 12800ರವರೆಗೆ ಎ7ಎಸ್ ಮಾರ್ಕ್ 3ಕ್ಕೂ ಎ7 ಮಾರ್ಕ್ 4ಕ್ಕೂ ಗಿರಾಕಿ ಗುರುತಿಸುವಂಥ ಅಂತರ ಇರುವುದಿಲ್ಲ. ಒಟ್ಟು ಬೆಳಕು ಹಿಡಿಯುವುದು ಇಡೀ ಸೆನ್ಸರಿನ ವಿಸ್ತೀರ್ಣ. ಅದನ್ನು ಎಷ್ಟು ಹೋಳು ಮಾಡಿದ್ದೇವೆ ಎಂಬುದು ಆಮೇಲಿನ ಮಾತು.

ವಿಸ್ತೀರ್ಣದ ಮಾತು ಬಂದದ್ದರಿಂದ ಫ್ಯೂಜಿಯನ್ನೂ ನೋಡಿಬಿಡೋಣ. ಫುಲ್ ಫ್ರೇಮ್ ಸೆನ್ಸರ್ 36ಕ್ಕೆ 24 ಮಿಲಿಮೀಟರ್, ಒಟ್ಟು 864 ಚದರ ಮಿಲಿಮೀಟರ್. ಫ್ಯೂಜಿಯ ಎಕ್ಸ್-ಟಿ5ರಂಥ ಬಾಡಿಗಳಲ್ಲಿರುವ ಚಿಕ್ಕ ಎಪಿಎಸ್-ಸಿ ಸೆನ್ಸರ್ ಸುಮಾರು 367. ಅಂದರೆ ಒಂದೇ ಅಪರ್ಚರಿನಲ್ಲಿ ಫುಲ್ ಫ್ರೇಮಿಗೆ ಒಂದೂಕಾಲು ಸ್ಟಾಪ್‌ನಷ್ಟು ಮೇಲುಗೈ. ಎಕ್ಸ್-ಟಿ5 ಹಿಡಿದಾಗ ಆಗುವ ಖುಷಿ, ಅದರ ಬಣ್ಣ, ಎರಡೂ ನನಗೆ ಇಷ್ಟ. ಅದಕ್ಕೆ ಹೊಂದುವ 56 ಎಂಎಂ ಎಫ್/1.2 ಲೆನ್ಸ್ ಫುಲ್ ಫ್ರೇಮಿನಲ್ಲಿ 85 ಎಂಎಂ ಎಫ್/1.8 ಮಾಡುವ ಕೆಲಸವನ್ನು ಮಾಡುತ್ತದೆ. ಆ 85 ಎಂಎಂ ಎಫ್/1.8 ಲೆನ್ಸ್ ಸೋನಿಯಲ್ಲೂ ನಿಕಾನ್‌ನಲ್ಲೂ ಅಗ್ಗದ ಸಾಲಿನಲ್ಲೇ ಸಿಗುತ್ತದೆ. ಫ್ಯೂಜಿಯಲ್ಲಿ ಅಷ್ಟೇ ಬೆಳಕಿಗೆ ದುಬಾರಿ ಲೆನ್ಸ್ ಕೊಳ್ಳಬೇಕಾಗುತ್ತದೆ. ದುಡಿಮೆಯ ಹಣದಿಂದ ಕಂತು ಕಟ್ಟುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಉಳಿಯುವ ನಿಜವಾದ ಸ್ಪರ್ಧಿಗಳು ಮೂವರು: ಸೋನಿ ಎ7 ಮಾರ್ಕ್ 4, ಕ್ಯಾನನ್ ಆರ್6 ಮಾರ್ಕ್ 2, ನಿಕಾನ್ ಝಡ್6 ಮಾರ್ಕ್ 3. ಮೂರಕ್ಕೂ ಎರಡೆರಡು ಕಾರ್ಡ್ ಜಾಗಗಳಿವೆ. ಮದುವೆ ತೆಗೆಯುವವರು ಎರಡು ಕಾರ್ಡಿಗೂ ಒಟ್ಟಿಗೆ ಬರೆಸದ ಬಾಡಿಯನ್ನು ಮುಟ್ಟಲೇಬಾರದು ಎಂಬುದು ನನ್ನ ಹಠ, ಅದರಲ್ಲಿ ರಾಜಿಯಿಲ್ಲ.

2022ರ ಕ್ಯಾನನ್ ಆರ್6 ಮಾರ್ಕ್ 2 ನನ್ನ ಕೈಗೆ ಬಂದಾಗ ಮೊದಲು ಗಮನಿಸಿದ್ದು ಹಿಂಬೆಳಕಿನಲ್ಲಿ ಅದರ ಹಿಡಿತ. ಆರತಕ್ಷತೆಯ ವೇದಿಕೆಯಲ್ಲಿ ಜೋಡಿಯ ಬೆನ್ನಿಗೆ ಎಲ್‌ಇಡಿ ಗೋಡೆ ಉರಿಯುತ್ತಿರುತ್ತದೆ, ಮುಖಗಳು ಅರೆಗತ್ತಲಲ್ಲಿರುತ್ತವೆ. ಸಾಲಾಗಿ ಬಂದವರು ಉಡುಗೊರೆ ಕೊಟ್ಟು ನಿಂತು, ಕೈಕುಲುಕಿ, ಇಳಿಯುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ಅದು ಹಿಡಿದ ಕಣ್ಣನ್ನು ಬಿಡುವುದು ಬಹಳ ಕಡಿಮೆ. ಎರಡೂ ಜಾಗಕ್ಕೆ ಸಾಮಾನ್ಯ ಎಸ್‌ಡಿ ಕಾರ್ಡ್ ಸಾಕು ಎಂಬುದೂ ಅನುಕೂಲ. ಕೊರತೆ ಎಂದರೆ ಲೆನ್ಸ್. ಆರ್‌ಎಫ್ ಮೌಂಟಿನಲ್ಲಿ ಫುಲ್ ಫ್ರೇಮಿಗೆ ಸಿಗ್ಮಾ, ಟ್ಯಾಮ್ರಾನ್‌ನ ಆಟೊಫೋಕಸ್ ಲೆನ್ಸುಗಳ ಸಂತೆ ಸೋನಿಯಲ್ಲಿರುವಂತೆ ಇಲ್ಲ. ಕ್ಯಾನನ್ ತಾನೇ ಮಾಡುವ ಎಫ್/1.2ಗಳು ಕೈಗೆಟುಕದ ಬೆಲೆಯವು. ಆದರೆ ನಿಮ್ಮಲ್ಲಿ ಕ್ಯಾನನ್ ಡಿಎಸ್‌ಎಲ್‌ಆರ್ ಕಾಲದ ಹಳೆಯ ಇಎಫ್ ಲೆನ್ಸುಗಳಿದ್ದರೆ ಅಡಾಪ್ಟರ್ ಹಾಕಿ ಅವನ್ನೇ ದುಡಿಸಬಹುದು, ಫೋಕಸ್ ಹಳೆಯ ಡಿಎಸ್‌ಎಲ್‌ಆರ್‌ಗಿಂತ ಚೆನ್ನಾಗಿಯೇ ಬರುತ್ತದೆ. ಕ್ಯಾನನ್ 5ಡಿ ಇಟ್ಟುಕೊಂಡು ಹದಿನೈದು ವರ್ಷ ದುಡಿದ ಮನೆಗಳಿಗೆ ಇದೇ ದಾರಿ.

ಸೋನಿ ಎ7 ಮಾರ್ಕ್ 4ರ ಬಲವಿರುವುದು ಲೆನ್ಸುಗಳಲ್ಲಿ. ಟ್ಯಾಮ್ರಾನ್ 35-150 ಎಂಎಂ ಎಫ್/2-2.8 ಒಂದನ್ನು ಹಾಕಿಕೊಂಡು ಇಡೀ ಆರತಕ್ಷತೆ ಮುಗಿಸುವವರನ್ನು ನೋಡಿದ್ದೇನೆ. 33 ಮೆಗಾಪಿಕ್ಸೆಲ್ ಇರುವುದರಿಂದ ಕತ್ತರಿಸಲು ಧಾರಾಳ ಜಾಗ. ಅದರ ಒಂದೇ ದೊಡ್ಡ ದೌರ್ಬಲ್ಯ ಸದ್ದಿಲ್ಲದೆ ತೆಗೆಯುವ ಎಲೆಕ್ಟ್ರಾನಿಕ್ ಶಟರ್, ಅದರ ಕಥೆ ಮುಂದೆ ಬರುತ್ತದೆ. ಬಜೆಟ್ ಬಿಗಿಯಿದ್ದರೆ 2018ರ ಎ7 ಮಾರ್ಕ್ 3 ಈಗಲೂ ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆಯ ಆಯ್ಕೆ. ಅದರ ಸೆನ್ಸರಿನಲ್ಲಿ ಐಎಸ್‌ಒ 640ಕ್ಕೆ ಎರಡನೇ ಹಂತದ ಗೇನ್ ಶುರುವಾಗುವುದರಿಂದ 500ಕ್ಕಿಂತ 640ರಲ್ಲೇ ನೆರಳು ತಿಳಿಯಾಗಿರುತ್ತದೆ.

2024ರ ನಿಕಾನ್ ಝಡ್6 ಮಾರ್ಕ್ 3ರಲ್ಲಿ ನನಗೆ ಮೆಚ್ಚುಗೆಯಾದದ್ದು ವ್ಯೂಫೈಂಡರ್ ಮತ್ತು ಸೆನ್ಸರಿನ ವೇಗ. ಅರ್ಧ ಸ್ಟ್ಯಾಕ್ ಆದ ಅದರ ಸೆನ್ಸರ್ ಚಿತ್ರವನ್ನು ಓದಿಕೊಳ್ಳುವ ವೇಗ ಎ7 ಮಾರ್ಕ್ 4ರದ್ದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಈ ವೇಗಕ್ಕೆ ತೆತ್ತ ಬೆಲೆ ಎಂದರೆ ಕಡಿಮೆ ಐಎಸ್‌ಒದಲ್ಲಿ ಡೈನಾಮಿಕ್ ರೇಂಜ್ (ಬೆಳಕಿನಿಂದ ನೆರಳಿನವರೆಗೆ ಹಿಡಿಯುವ ವ್ಯಾಪ್ತಿ) ಹಿಂದಿನ ಝಡ್6 ಮಾರ್ಕ್ 2ಕ್ಕಿಂತ ಸ್ವಲ್ಪ ಇಳಿದಿದೆ. ಹಗಲಿನಲ್ಲಿ ರಂಗನತಿಟ್ಟಿನ ಹಕ್ಕಿಯ ನೆರಳನ್ನು ಎತ್ತುವಾಗ ಅದು ಕಾಣಬಹುದು. ರಾತ್ರಿ ಐಎಸ್‌ಒ 6400ರಲ್ಲಿ ಕೆಲಸ ಮಾಡುವವರಿಗೆ ಅದರಿಂದ ನಷ್ಟವಿಲ್ಲ. ಅದರ ತಮ್ಮನಂತಿರುವ 2023ರ ಝಡ್‌ಎಫ್ ಹಳೆಯ ಸೆನ್ಸರನ್ನೇ ಹೊಸ ಪ್ರೊಸೆಸರಿನೊಂದಿಗೆ ತಂದಿದೆ. ಕತ್ತಲಲ್ಲಿ ಫೋಕಸ್ ಸೊಗಸಾಗಿದೆ, ಆದರೆ ಹಿಡಿತಕ್ಕೆ ಹೇಳಿಕೊಳ್ಳುವಂಥ ಗ್ರಿಪ್ ಇಲ್ಲ, ಎರಡನೇ ಕಾರ್ಡ್ ಉಗುರಿನಷ್ಟು ಚಿಕ್ಕ ಮೈಕ್ರೊ ಎಸ್‌ಡಿ. ಹನ್ನೆರಡು ಗಂಟೆ ದುಡಿಯುವ ಮದುವೆಗೆ ನಾನು ಅದನ್ನು ಆರಿಸುವುದಿಲ್ಲ. ನಿಕಾನ್ ಬಳಗದವರಿಗೆ ಒಂದು ಎಚ್ಚರಿಕೆ: ಎಫ್‌ಟಿಝಡ್ ಅಡಾಪ್ಟರಿನೊಳಗೆ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸುಗಳನ್ನು ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು.

ನೇರಳೆ ದೀಪ ಮತ್ತು ಪಟ್ಟೆಗಳು

ಈ ಭಾಗವನ್ನು ನಾನು ಕಷ್ಟಪಟ್ಟು ಕಲಿತದ್ದು. ಬೆಳಗಿನ ಜಾವದ ಮುಹೂರ್ತ. ಛತ್ರದೊಳಗೆ ಮಂತ್ರ ಕೇಳಿಸುತ್ತಿದೆ, ಶಟರಿನ ಟಕಟಕ ಶಬ್ದ ಬೇಡವೆಂದು ಸೈಲೆಂಟ್ ಮೋಡಿಗೆ ಹಾಕಿ ಧಾರೆ ತೆಗೆದೆ. ಪುಟ್ಟ ಪರದೆಯಲ್ಲಿ ಎಲ್ಲವೂ ಸರಿಯಿತ್ತು. ದೊಡ್ಡದು ಮಾಡಿದಾಗ ಕಂಡದ್ದು ಮದುಮಗನ ಬಿಳಿ ಪಂಚೆಯ ಮೇಲೆ, ಹೆಣ್ಣಿನ ತಂದೆಯ ಅಂಗೈಯ ಮೇಲೆ, ಸುರಿಯುವ ಹಾಲಿನ ಮೇಲೆ ಅಡ್ಡಡ್ಡ ಪಟ್ಟೆಗಳು. ಒಂದು ನಸುಹಳದಿ, ಒಂದು ಕಂದು, ಮತ್ತೆ ಹಳದಿ. ಎಣಿಸಿದರೆ ಆರೇಳು. ಆ ಮನೆಯವರಿಗೆ ಕೊಡಲು ಧಾರೆಯ ಒಂದೂ ನಿರ್ಮಲ ಚಿತ್ರ ನನ್ನಲ್ಲಿ ಉಳಿಯಲಿಲ್ಲ. ಕೊನೆಗೆ ಕಪ್ಪುಬಿಳುಪಿಗೆ ತಿರುಗಿಸಿ ಪಟ್ಟೆಗಳನ್ನು ಒಂದೊಂದಾಗಿ ಒರೆಸಿ ಕೊಟ್ಟೆ. ಆ ತಾಯಿ ಬಣ್ಣ ಎಲ್ಲಿ ಹೋಯಿತು ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಕಾರಣ ಸರಳ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಕಳಪೆ ಡ್ರೈವರ್ ಇರುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಎ7 ಮಾರ್ಕ್ 3, ಮಾರ್ಕ್ 4ರಂಥ ಬಾಡಿಗಳ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಗೆ ಓದಲು ಸುಮಾರು 1/15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ದೀಪ ಆರೇಳು ಬಾರಿ ಮಿನುಗಿರುತ್ತದೆ. ಆರ್6 ಮಾರ್ಕ್ 2 ಮತ್ತು ಝಡ್6 ಮಾರ್ಕ್ 3 ಸುಮಾರು 1/60, 1/70ರಲ್ಲಿ ಓದಿ ಮುಗಿಸುವುದರಿಂದ ಪಟ್ಟೆ ಒಂದೆರಡಕ್ಕೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಛತ್ರದೊಳಗೆ ಮೆಕ್ಯಾನಿಕಲ್ ಶಟರ್, 1/100 ಅಥವಾ 1/50 ಸೆಕೆಂಡ್, ಮಿನುಗು ತಡೆಯುವ ಆಂಟಿ ಫ್ಲಿಕರ್ ಆನ್, ಇದು ನನ್ನ ಈಗಿನ ಕಟ್ಟುಪಾಡು. ಮೊದಲು ಹೇಳಿದ 1/125ಕ್ಕಿಂತ ಇದು ನಿಧಾನ, ಆದರೂ ಪಟ್ಟೆಗಿಂತ ಮೇಲು. 1/100 ಎಂದರೆ ಮಿನುಗಿನ ಒಂದು ಪೂರ್ತಿ ಸುತ್ತು ಶಟರಿನೊಳಗೆ ಬಂದುಬಿಡುತ್ತದೆ, ಹೆಚ್ಚುಕಡಿಮೆಗೆ ಎಡೆಯಿರುವುದಿಲ್ಲ.

ವೇದಿಕೆಯ ಎಲ್‌ಇಡಿ ಗೋಡೆ, ಬಣ್ಣದ ಪಾರ್ ಲೈಟುಗಳು ಮಿನುಗುವುದು ಇದಕ್ಕಿಂತ ಬಹಳ ವೇಗವಾಗಿ. ಅವಕ್ಕೆ ಸಾಮಾನ್ಯ ಆಂಟಿ ಫ್ಲಿಕರ್ ಕೆಲಸಕ್ಕೆ ಬರುವುದಿಲ್ಲ. ಶಟರ್ ವೇಗವನ್ನು ಸೂಕ್ಷ್ಮವಾಗಿ, ದಶಾಂಶದ ಲೆಕ್ಕದಲ್ಲಿ ಹೊಂದಿಸುವ ಸೌಲಭ್ಯ ಈ ಮೂರೂ ಬಾಡಿಗಳಲ್ಲಿದೆ. ಅದನ್ನು ಆರತಕ್ಷತೆ ಶುರುವಾಗುವ ಮೊದಲೇ ಖಾಲಿ ವೇದಿಕೆಯ ಮುಂದೆ ನಿಂತು ಹೊಂದಿಸಿಕೊಳ್ಳಿ.

ನೇರಳೆ ಬೆಳಕಿಗೆ ಮಾತ್ರ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಆ ಬೆಳಕಿನಲ್ಲಿ ಹಸಿರು ಇರುವುದಿಲ್ಲ, ನೀಲಿ ತುಂಬಿ ತುಳುಕುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಚರ್ಮದ ಬಣ್ಣಕ್ಕೆ ಎಳೆದು ತರುವಾಗ ಐಎಸ್‌ಒ 1600ರ ಚಿತ್ರದಲ್ಲೂ 12800ರ ನಾಯ್ಸ್ ಎದ್ದು ಬರುತ್ತದೆ. ಲೈಟಿನ ಹುಡುಗನನ್ನು ಸಂಜೆಯೇ ಹುಡುಕಿ, ಹೆಸರು ಕೇಳಿ, ಪ್ರೀತಿಯಿಂದ ಮಾತನಾಡಿಸಿ, ಜೋಡಿಯ ಮುಖಕ್ಕೆ ಬೀಳುವ ಎರಡು ದೀಪವನ್ನು ಬೆಚ್ಚನೆಯ ಬಿಳಿಗೆ ಇಡಿಸಿಕೊಳ್ಳಿ. ಎರಡು ಲಕ್ಷದ ಬಾಡಿ ಮಾಡದ ಕೆಲಸವನ್ನು ಆ ಐದು ನಿಮಿಷ ಮಾಡುತ್ತದೆ.

ಲೆನ್ಸಿಗೆ ಹಣ ಎಷ್ಟು ಉಳಿಸಬೇಕು

ಬಾಡಿ ಬದಲಾಯಿಸಿ ಒಂದು ಸ್ಟಾಪ್ ಗಳಿಸುವುದು ಕಷ್ಟ. ಎಫ್/2.8 ಝೂಮಿನಿಂದ ಎಫ್/1.4 ಪ್ರೈಮಿಗೆ (ಝೂಮ್ ಆಗದ ಲೆನ್ಸಿಗೆ) ಹೋದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಕಿಟ್ ಲೆನ್ಸಿನ ಜೊತೆ ದುಬಾರಿ ಬಾಡಿ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆದರೂ ಎಲ್ಲರೂ 85 ಎಂಎಂ ಎಫ್/1.4ಕ್ಕೆ ಹಾತೊರೆಯುವುದು ಸರಿಯಲ್ಲ. ಎರಡು ಮೀಟರ್ ದೂರದಲ್ಲಿ ಆ ಲೆನ್ಸನ್ನು ಪೂರ್ತಿ ತೆರೆದಾಗ ಚೂಪಾಗಿ ಬರುವ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಮಾಂಗಲ್ಯ ಕಟ್ಟುವಾಗ ಗಂಡಿನ ಬೆರಳು, ಹೆಣ್ಣಿನ ತಗ್ಗಿದ ಕಣ್ಣು, ಹಿಂದೆ ದೀಪ ಹಿಡಿದು ನಿಂತ ನಾದಿನಿಯ ಮುಖ, ಇಷ್ಟೂ ಆ ನಾಲ್ಕೂವರೆ ಸೆಂಟಿಮೀಟರಿನೊಳಗೆ ಬರುವುದಿಲ್ಲ. ಅದೇ ದೂರದಲ್ಲಿ 35 ಎಂಎಂ ಲೆನ್ಸ್ ಎಫ್/2ರಲ್ಲಿ ಮೊಳಕ್ಕೆ ಸ್ವಲ್ಪ ಕಡಿಮೆ ಆಳ ಕೊಡುತ್ತದೆ. ಕಿಕ್ಕಿರಿದ ಚಪ್ಪರದಲ್ಲಿ, ಮಣೆಯ ಸುತ್ತ ನೆಂಟರು ಬಾಗಿ ನಿಂತಾಗ, ನನ್ನ ಹೊಟ್ಟೆ ಹೊರೆದಿರುವುದು ಆ 35. ಎಫ್/1.8ರ 35 ಮತ್ತು 85, ಈ ಎರಡರೊಂದಿಗೆ ಸೆಕೆಂಡ್ ಹ್ಯಾಂಡ್ ಬಾಡಿ ತೆಗೆದುಕೊಳ್ಳುವವರು ಕಿಟ್ ಲೆನ್ಸಿನೊಂದಿಗೆ ಹೊಸ ಬಾಡಿ ಕೊಂಡವರಿಗಿಂತ ಒಳ್ಳೆಯ ಚಿತ್ರ ತರುತ್ತಾರೆ.

ಹಳೆಯ ಡಿಎಸ್‌ಎಲ್‌ಆರ್ ಇಟ್ಟುಕೊಂಡವರ ಮನಸ್ಸಿಗೂ ಒಂದು ಮಾತು. 2014ರ ನಿಕಾನ್ ಡಿ750, 2016ರ 5ಡಿ ಮಾರ್ಕ್ 4, ಎರಡರ ಸೆನ್ಸರ್‌ಗಳೂ ಐಎಸ್‌ಒ 6400ರಲ್ಲಿ ಇಂದಿಗೂ ನಾಚಿಕೆಪಡುವಂಥವಲ್ಲ. ಅವು ಹಿಂದುಳಿಯುವುದು ಕಣ್ಣನ್ನು ಹಿಡಿಯುವುದರಲ್ಲಿ. ಮಧ್ಯದ ಫೋಕಸ್ ಬಿಂದು ಗಟ್ಟಿ, ಅಂಚಿನವು ಕತ್ತಲಲ್ಲಿ ತಡವರಿಸುತ್ತವೆ. ಒಂದು ವಿಷಯದಲ್ಲಿ ಮಾತ್ರ ಅವು ಮುಂದಿವೆ: ಫ್ಲಾಶ್ ಸೂಸುವ ಕೆಂಪು ಜಾಲರಿ ಬೆಳಕನ್ನು ಬಳಸಿ ಕಗ್ಗತ್ತಲಲ್ಲೂ ಫೋಕಸ್ ಮಾಡುತ್ತವೆ. ಹೆಚ್ಚಿನ ಮಿರರ್‌ಲೆಸ್ ಬಾಡಿಗಳಿಗೆ ಹಳೆಯ ಫ್ಲಾಶ್‌ನ ಆ ಬೆಳಕು ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಮೆರವಣಿಗೆಯನ್ನು ಫ್ಲಾಶ್ ಹಾಕಿಯೇ ತೆಗೆಯುವವರು ಬದಲಾಯಿಸಲು ಅವಸರ ಮಾಡಬೇಕಾಗಿಲ್ಲ.

ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಬಗ್ಗೆ ಹೇಳದಿದ್ದರೆ ಹೋಲಿಕೆ ಹಳೆಯದಾಗುತ್ತದೆ. 2023ರಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಬಂದ ಮೇಲೆ ಐಎಸ್‌ಒ 12800ರ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲು) ನಾನು ಹೆದರದೆ ಆಲ್ಬಮ್ಮಿಗೆ ಹಾಕುತ್ತೇನೆ. ಅದಕ್ಕೆ ರಾ ಫೈಲೇ ಬೇಕು, ಒಳ್ಳೆಯ ಗ್ರಾಫಿಕ್ ಕಾರ್ಡ್ ಬೇಕು. ಮೂರು ಸಾವಿರ ಚಿತ್ರಗಳಿಗೂ ಹಾಕುತ್ತೇನೆಂದರೆ ವಾರ ಹಿಡಿದೀತು, ಆಲ್ಬಮ್ಮಿಗೆ ಆರಿಸಿದ ನೂರೈವತ್ತಕ್ಕೆ ಹಾಕಿದರೆ ಒಂದು ರಾತ್ರಿಯ ಕೆಲಸ. ಬಾಡಿಗಳ ನಡುವಿನ ಅರ್ಧ ಸ್ಟಾಪ್ ಅಂತರಕ್ಕೆ ಹೆಚ್ಚು ಹಣ ತೆರುವ ಮುನ್ನ ಇದನ್ನು ಯೋಚಿಸಿ.

ನನ್ನನ್ನೇ ಕೇಳಿದರೆ

ಮದುವೆಯೇ ನಿಮ್ಮ ಅನ್ನವಾಗಿದ್ದು, ಮನೆಯಲ್ಲಿ ಇಎಫ್ ಲೆನ್ಸುಗಳಿದ್ದರೆ ಆರ್6 ಮಾರ್ಕ್ 2. ಮೊದಲಿನಿಂದ ಶುರುಮಾಡುತ್ತಿದ್ದು ಸೆಕೆಂಡ್ ಹ್ಯಾಂಡ್ ಲೆನ್ಸುಗಳಿಂದ ಬಳಗ ಕಟ್ಟಬೇಕಾದರೆ ಎ7 ಮಾರ್ಕ್ 4, ಸೈಲೆಂಟ್ ಶಟರನ್ನು ಮರೆತುಬಿಡುತ್ತೇನೆಂಬ ಸಂಕಲ್ಪದೊಂದಿಗೆ. ರಂಗಾಯಣದ ಭೂಮಿಗೀತದಂಥ ಚಿಕ್ಕ ರಂಗಮಂದಿರದಲ್ಲಿ, ನಟರ ಉಸಿರೂ ಕೇಳಿಸುವ ಹತ್ತಿರದಲ್ಲಿ ಕುಳಿತು ಸದ್ದಿಲ್ಲದೆ ತೆಗೆಯುವುದು ಮುಖ್ಯವಾದರೆ ಝಡ್6 ಮಾರ್ಕ್ 3. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಪಕ್ಕದ ಪ್ರೇಕ್ಷಕರು ತಿರುಗಿ ನೋಡದಂತೆ ಚಿತ್ರ ತೆಗೆಯಲು ಬರುವುದು ನಟರಿಗೂ ನೋಡುಗರಿಗೂ ನಾವು ಸಲ್ಲಿಸುವ ಮರ್ಯಾದೆ. ವಿಡಿಯೊ ಹೆಚ್ಚು, ಫೋಟೊ ಕಡಿಮೆ ಎನ್ನುವವರಿಗೆ ಮಾತ್ರ ಎ7ಎಸ್ ಮಾರ್ಕ್ 3.

ಹಣ ಕೊಡುವ ಮೊದಲು ಒಂದು ದಿನದ ಬಾಡಿಗೆಗೆ ತನ್ನಿ. ಮೈಸೂರಿನಲ್ಲೂ ಮಂಡ್ಯದಲ್ಲೂ ಬಾಡಿಗೆಗೆ ಕೊಡುವವರಿದ್ದಾರೆ. ಅಂಗಡಿಯ ಪ್ರಖರ ಬೆಳಕಿನಲ್ಲಿ ಯಾವ ಬಾಡಿಯ ಗುಣವೂ ತಿಳಿಯುವುದಿಲ್ಲ. ಮನೆಯಲ್ಲಿ ರಾತ್ರಿ ದೀಪಗಳನ್ನೆಲ್ಲ ಆರಿಸಿ, ದೇವರ ಮುಂದೆ ಒಂದು ಎಣ್ಣೆದೀಪ ಹಚ್ಚಿ, ಅದರ ಹಿಂದೆ ಯಾರನ್ನಾದರೂ ಕೂರಿಸಿ. ಅವರು ತಲೆ ಅಲ್ಲಾಡಿಸುತ್ತಾ ಮಾತನಾಡಲಿ. ನಿಮ್ಮದೇ ಲೆನ್ಸ್ ಹಾಕಿ, ನಿರಂತರ ಫೋಕಸಿನಲ್ಲಿ ಐವತ್ತು ಚಿತ್ರ ತೆಗೆಯಿರಿ. ಎಷ್ಟರಲ್ಲಿ ಕಣ್ಣು ಚೂಪಾಗಿದೆ, ಎಷ್ಟರಲ್ಲಿ ಜ್ವಾಲೆ ಚೂಪಾಗಿದೆ ಎಂದು ಎಣಿಸಿ. ಮರುದಿನ ಬೆಳಗ್ಗೆ ಅವುಗಳಲ್ಲಿ ಐಎಸ್‌ಒ 6400ರ ಒಂದನ್ನೂ 12800ರ ಒಂದನ್ನೂ ಆರಿಸಿ, ನೀವು ಆಲ್ಬಂ ಮಾಡಿಸುವ ಲ್ಯಾಬಿಗೆ ಕೊಟ್ಟು 12ಕ್ಕೆ 36ರ ಹಾಳೆಯಲ್ಲಿ ಮುದ್ರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ.